ಮೂರು ಸಲ ತೊಳೆದ ಸೀಸೆ

ಬೆಳಗಿನ ಐದೂವರೆ. ರಾಜಾಜಿನಗರದ ಎರಡನೇ ಬ್ಲಾಕಿನ ಅಡ್ಡರಸ್ತೆಯಲ್ಲಿ ಹಾಲಿನ ಬೂತಿನ ಮುಂದೆ ಚೀಲಗಳು ಸಾಲುಗಟ್ಟಿವೆ. ಅದರ ಮಗ್ಗುಲ ಹೆಂಚಿನ ಕಟ್ಟಡದ ಜಗಲಿಯಲ್ಲಿ, ಕಡಪ ಕಲ್ಲಿನ ಮೇಲೆ, ಸೀಸೆಗಳು ಸಾಲುಗಟ್ಟುತ್ತಿವೆ. ಗ್ರೈಪ್ ವಾಟರಿನ ಸೀಸೆ, ಇಂಕಿನ ಸೀಸೆ, ಹರಳೆಣ್ಣೆಯ ಸೀಸೆ, ಯಾರೋ ಮುಜುಗರದಿಂದ ಲೇಬಲ್ಲು ಕೆರೆದು ತಂದ ಬ್ರಾಂದಿಯ ಕ್ವಾರ್ಟರು. ಎಲ್ಲಕ್ಕೂ ನಿನ್ನೆಯ ಪೇಪರಿನ ಅಂಗಿ. ತಂದವರು ಅದನ್ನು ಕಲ್ಲಿನ ಮೇಲಿಟ್ಟು, ತಮ್ಮದಲ್ಲವೇ ಅಲ್ಲವೆಂಬಂತೆ ಎರಡು ಹೆಜ್ಜೆ ಸರಿದು, ಹೂ ಬಿಟ್ಟ ಬೇವಿನ ಮರವನ್ನು ನೋಡುತ್ತ ನಿಲ್ಲುತ್ತಾರೆ.

ಒಳಗೆ ಲ್ಯಾಬಿನ ಅಟೆಂಡರ್ ಏಕಾಂತಯ್ಯ ಸ್ಪಿರಿಟ್ ದೀಪ ಹಚ್ಚುತ್ತಾರೆ. ಐವತ್ತಾರು ವರ್ಷ, ಹಣೆಯ ತುಂಬ ವಿಭೂತಿ, ಮೊಣಕೈವರೆಗೆ ಮಡಿಸಿದ ಬಿಳಿ ಅಂಗಿ. ಗಾಜಿನ ಕೊಳವೆಗೆ ನೀಲಿ ದ್ರಾವಣ, ಅದಕ್ಕೆ ಮೂತ್ರದ ಎಂಟು ಹನಿ, ದೀಪದ ಮೇಲೆ ಎರಡು ನಿಮಿಷದ ಕುದಿ. ಸಕ್ಕರೆ ಇಲ್ಲದಿದ್ದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ. ಇದ್ದರೆ ಹಸಿರು ತಿರುಗಿ, ಹಳದಿಯಾಗಿ, ಕಿತ್ತಳೆಯಾಗಿ, ತೀರಾ ಹೆಚ್ಚಿದ್ದರೆ ಇಟ್ಟಿಗೆಯ ಕೆಂಪಾಗಿ ತಳಕ್ಕಿಳಿಯುತ್ತದೆ. ಡಾಕ್ಟರ ಚೀಟಿಯಲ್ಲಿ ಇವಕ್ಕೆಲ್ಲ ಪ್ಲಸ್ಸು ಗುರುತುಗಳುಂಟು. ಏಕಾಂತಯ್ಯನವರ ಬಾಯಲ್ಲಿ ಮಾತ್ರ ಬೇರೆ ಹೆಸರು: ಆಕಾಶ, ಗರಿಕೆ, ಅರಿಶಿನ, ಕಾವಿ, ಹೆಂಚು.

“ಐನೋರೇ, ಇವತ್ತು ನಂದೇನ್ ಬಂತು?” ಕಿಟಕಿಯ ಸರಳಿಗೆ ಮೂಗು ಒತ್ತಿ ಕೇಳುತ್ತಾರೆ ಅಂಜಿನಯ್ಯ, ಗಿರಣಿಯಿಂದ ನಿವೃತ್ತರಾದವರು.

“ಅರಿಶಿನ. ನೆನ್ನೆ ಯಾರ ಮನೇಲಿ ಊಟ?”

“ಮೊಮ್ಮಗನ ನಾಮಕರಣ. ಒಂದೇ ಒಂದು ಹೋಳಿಗೆ, ದೇವ್ರಾಣೆ.”

“ಒಂದು ಹೋಳಿಗೆಗೆ ಗರಿಕೆ ಬರುತ್ತೆ ಅಂಜಿನಯ್ಯ. ಅರಿಶಿನಕ್ಕೆ ಮೂರಾದ್ರೂ ಬೇಕು.”

ಜಗಲಿಯ ತುಂಬ ನಗು. ಅಂಜಿನಯ್ಯನವರೂ ನಗುತ್ತಾರೆ. “ಹೆಂಡ್ತಿ ಕಣ್ಣು ತಪ್ಪಿಸ್ಬೋದು ಕಣ್ರಪ್ಪಾ, ಈ ದೀಪದ ಕಣ್ಣು ತಪ್ಪಿಸೋಕಾಗಲ್ಲ!”

ನಗುವಿನ ನಡುವೆಯೂ ಏಕಾಂತಯ್ಯನವರ ಕಣ್ಣು ಬೀದಿಯ ಕಡೆಗೇ ಇದೆ. ಇಂದು ಶನಿವಾರ. ಪ್ರತಿ ಶನಿವಾರ ಆರಕ್ಕೆ ಮುಂಚೆ ಬಂದು ಕಲ್ಲಿನ ಮೇಲೆ ಕೂರುವ ಸೀಸೆಯೊಂದು ಇನ್ನೂ ಬಂದಿಲ್ಲ. ಅದು ಉಗ್ರಪ್ಪನವರದು. ಬಸವೇಶ್ವರನಗರದ ಉಗ್ರಪ್ಪ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಲೇತ್ ನಡೆಸುವವರು. ನಾಳೆ ಭಾನುವಾರ ಅವರ ಭಾವಮೈದ ಮುನಿರಾಜು ಕೆಂಗೇರಿಯಿಂದ ಬರುತ್ತಾನೆ, ಅಕ್ಕ ಯಶೋದಮ್ಮನನ್ನು ಟ್ರಂಕಿನ ಸಮೇತ ತವರಿಗೆ ಕರೆದೊಯ್ಯಲು. ಗಂಡ ಇನ್ನೊಂದು ಮನೆ ಮಾಡಿದ್ದಾನೆಂದು ಯಶೋದಮ್ಮ ನಂಬಿದ್ದಾರೆ. ಹಾಗೇನೂ ಇಲ್ಲವೆಂದು ಬಲ್ಲವರು ಇಡೀ ಬೆಂಗಳೂರಿನಲ್ಲಿ ಮೂವರೇ: ಉಗ್ರಪ್ಪ, ಈ ಲ್ಯಾಬಿನ ಡಾಕ್ಟರ್ ಕೃಷ್ಣಯ್ಯ, ಮತ್ತು ಸೀಸೆಯ ವಾಸನೆ ಹಿಡಿದೇ ಸಂಗತಿ ತಿಳಿದ ಏಕಾಂತಯ್ಯ. (ಗಂಡ ಹೆಂಡತಿಯ ಹೆಸರುಗಳನ್ನು ಇಲ್ಲಿ ಬದಲಿಸಿದೆ. “ಬರೀರಿ, ನಾಲ್ಕು ಜನಕ್ಕೆ ಗೊತ್ತಾಗ್ಲಿ, ಆದ್ರೆ ನಮ್ಮ ಹೆಸರು ಬೇಡ” ಎಂದು ಅಪ್ಪಣೆ ಕೊಟ್ಟವರು ಯಶೋದಮ್ಮನೇ. ಏಕೆಂಬುದು ಮುಂದೆ ತಿಳಿಯುತ್ತದೆ.)

ಏಕಾಂತಯ್ಯ ಮಾಗಡಿ ಸೀಮೆಯಿಂದ ಬೆಂಗಳೂರಿಗೆ ಬಂದದ್ದು ಐವತ್ತೆರಡರಲ್ಲಿ, ಆಸ್ಪತ್ರೆಯೊಂದರ ಜವಾನರಾಗಿ. ಅರವತ್ತೆಂಟರಲ್ಲಿ ಈ ಲ್ಯಾಬಿಗೆ ಕಾಲಿಟ್ಟಾಗ ಕಾರ್ಡ್ ರೋಡಿನಾಚೆ ರಾಗಿ ಹೊಲ, ಹುಣಿಸೆ ತೋಪು. ಬಸವೇಶ್ವರನಗರದ ಮನೆಗಳೆಲ್ಲ ಇನ್ನೂ ಯಾರದೋ ಕನಸಿನಲ್ಲಿದ್ದವು. “ಸಂಜೆ ಏಳಾದ್ರೆ ನರಿ ಊಳಿಡೋದು ಕೇಳಿಸ್ತಿತ್ತು. ಬೆಳಿಗ್ಗೆ ಎದ್ರೆ ಗಿರಣಿ ಸೈರನ್ನು. ನರಿಗೂ ಸೈರನ್ನಿಗೂ ಮಧ್ಯೆ ನಮ್ಮ ನಿದ್ದೆ,” ಎಂದು ಅವರು ಕೊಳವೆ ತಿರುಗಿಸುತ್ತ ನೆನೆಯುತ್ತಾರೆ. ಆಗ ಸಕ್ಕರೆ ಕಾಯಿಲೆ ದೊಡ್ಡವರ ಮನೆಯ ಕಾಯಿಲೆ. ರೇಷನ್ನಿನ ಸಕ್ಕರೆ ಹಬ್ಬಕ್ಕೆ ಸಾಲದ ಮನೆಗಳಲ್ಲಿ ಸಕ್ಕರೆ ಕಾಯಿಲೆಯೆಂದರೆ ನಗುತ್ತಿದ್ದರು. ಬಚ್ಚಲ ಮೋರಿಯಲ್ಲಿ ಇರುವೆ ಮುತ್ತಿದರೆ ಮುದುಕಿಯರು “ಈ ಮನೇಲಿ ಯಾರಿಗೋ ಸಿಹಿಮೂತ್ರ” ಎನ್ನುತ್ತಿದ್ದರಂತೆ. ಇರುವೆಗಿಂತ ನಿಖರವಾದ ಲ್ಯಾಬು ಆಗ ಇನ್ನೊಂದಿರಲಿಲ್ಲ ಎಂಬುದು ಏಕಾಂತಯ್ಯನವರ ತಮಾಷೆ.

ದಿನಕ್ಕೆ ಏನಿಲ್ಲೆಂದರೂ ಮೂವತ್ತು ಸೀಸೆ, ಸೋಮವಾರ ನಲವತ್ತು. ಹತ್ತೊಂಬತ್ತು ವರ್ಷಕ್ಕೆ ಒಂದೂವರೆ ಲಕ್ಷ ಮೀರುತ್ತದೆ. ಅಷ್ಟೂ ಜನ ತಮ್ಮ ದೇಹದ ಗುಟ್ಟನ್ನು ಪೇಪರಿನಲ್ಲಿ ಸುತ್ತಿ ಈ ಕಲ್ಲಿನ ಮೇಲಿಟ್ಟು ಹೋದವರೇ. ಹಳೆಯ ಕತೆಗಳಲ್ಲಿ ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆ. ಅದನ್ನು ಹುಡುಕಲು ರಾಜಕುಮಾರನೇ ಬೇಕು. ಇಲ್ಲಿ ಗಂಡಸರ ಪ್ರಾಣ ಎಂಟು ಹನಿಯಲ್ಲಿದೆ. ಹುಡುಕಲು ವಿಭೂತಿ ಧರಿಸಿದ ಒಬ್ಬ ಅಟೆಂಡರು ಸಾಕು.

ಉಗ್ರಪ್ಪ ಮೊದಲು ಬಂದದ್ದು ಸಂಕ್ರಾಂತಿ ಕಳೆದ ವಾರ. ಲೇತಿನಲ್ಲಿ ತಾಗಿದ ಬೆರಳಿನ ಗಾಯ ತಿಂಗಳಾದರೂ ಮಾಯದ್ದರಿಂದ ಕಾರ್ಖಾನೆಯ ಡಾಕ್ಟರು ಚೀಟಿ ಬರೆದು ಕಳಿಸಿದ್ದರು. ಅಗಲ ಬಾಯಿಯ ಸೀಸೆ ಕಲ್ಲಿನ ಮೇಲೆ ಕೂತಿತು. ಎಂಟು ಹನಿ ಬಿಟ್ಟು ಕುದಿಸಿದರೆ, ನಿಮಿಷ ತುಂಬುವ ಮೊದಲೇ ಹೆಂಚು! ಏಕಾಂತಯ್ಯನವರಿಗೆ ಅನುಮಾನ. ಸೀಸೆಯ ಬಾಯಿಗೆ ಮೂಗು ತಂದರೆ ಏಲಕ್ಕಿಯ, ಜೇನುತುಪ್ಪದ ಘಮ.

“ಉಗ್ರಪ್ನೋರೇ, ಈ ಸೀಸೇಲಿ ಮುಂಚೆ ಏನಿತ್ತು?”

“ಏನಿಲ್ಲ ಐನೋರೇ. ಉಪ್ಪಿನಕಾಯಿ.”

“ಉಪ್ಪಿನಕಾಯಿಗೆ ಜೇನುತುಪ್ಪ ಹಾಕೋರು ನಿಮ್ಮನೇಲಿ ಯಾರಪ್ಪಾ?”

ಉಗ್ರಪ್ಪ ಬಾಯಿ ಬಿಡಬೇಕಾದ್ದೂ ಇರಲಿಲ್ಲ. ಮಾಗಡಿ ರಸ್ತೆಯ ಗೋಡೆಗಳ ಮೇಲೆ ಸುಣ್ಣದಲ್ಲಿ ಬರೆದ ಅಕ್ಷರಗಳನ್ನು ಏಕಾಂತಯ್ಯ ದಿನಾ ಓದುತ್ತಾರೆ: ಗುಪ್ತರೋಗ, ನರದೌರ್ಬಲ್ಯ, ಇಂಥ ದಿನ, ಇಂಥ ಲಾಡ್ಜು, ಇಂಥ ನಂಬರಿನ ರೂಮು. ಮೆಜೆಸ್ಟಿಕ್ಕಿನ ಅಂಥ ರೂಮೊಂದರಲ್ಲಿ ತಿಂಗಳಿಗೆರಡು ಸಲ ಬಂದು ಕೂರುವ ಪಂಡಿತನೊಬ್ಬನ ಲೇಹ್ಯದ ಸೀಸೆ ಅದು. ಇಂಥ ಗಮಗಮ ಸೀಸೆಗಳನ್ನು ಅವರು ಈ ಮೊದಲೂ ಕಂಡಿದ್ದಾರೆ. ಕಾಯಿಲೆಯವರು ತೊಳೆದೇ ತರುತ್ತಾರೆ. ಆದರೆ ಹೆಂಡತಿಗೆ ಕಾಣದಂತೆ ಅವಸರದಲ್ಲಿ ತೊಳೆದಿರುತ್ತಾರೆ. ಜೇನು ಮೂಲೆಯಲ್ಲಿ ಅಂಟಿಕೊಂಡೇ ಇರುತ್ತದೆ.

ಮಾರನೆಯ ದಿನ ಲ್ಯಾಬಿನ ಶುಭ್ರವಾದ ಸೀಸೆಯಲ್ಲಿ ತಂದದ್ದನ್ನು ಕುದಿಸಿದರು. ಆಗಲೂ ಹೆಂಚು. “ನೆನ್ನೆ ಸಕ್ಕರೆ ಸೀಸೇದು ಅನ್ಕೊಂಡೆ. ಇವತ್ತಿಂದು ನಿಮ್ಮದೇ,” ಎಂದು ಏಕಾಂತಯ್ಯ ಕಿಟಕಿ ಮುಚ್ಚಿ, ಸ್ಟೂಲು ಎಳೆದು ಅವರನ್ನು ಕೂರಿಸಿದರು. “ಲೇಹ್ಯ ಎಷ್ಟು ತಿಂಗಳಿಂದ?”

“ಎಂಟು ತಿಂಗ್ಳಾಯ್ತು. ಎರಡೊತ್ತು, ಹಾಲಲ್ಲಿ.” ಉಗ್ರಪ್ಪ ಗಾಯದ ಬೆರಳನ್ನೇ ನೋಡುತ್ತ ಹೇಳಿದರಂತೆ. “ಒಂದು ವರ್ಷದಿಂದ ಆಗ್ತಿಲ್ಲ ಐನೋರೇ. ಮನಸಿದೆ, ಮೈ ಏಳಲ್ಲ. ಮಗಳನ್ನ ಧಾರೆ ಎರೆದು ಕೊಟ್ಟಿದೀನಿ, ಅಳಿಯ ಬಂದಿದಾನೆ. ಈ ವಯಸ್ಸಲ್ಲಿ ಇದನ್ನ ಯಾರ ಹತ್ರ ಹೇಳ್ಲಿ?”

ಏಕಾಂತಯ್ಯ ಅವರ ಕೈ ಹಿಡಿದು ಒಳಕೋಣೆಗೆ, ಡಾಕ್ಟರ್ ಕೃಷ್ಣಯ್ಯನವರ ಮುಂದೆ ಕೂರಿಸಿದರು. ಡಾಕ್ಟರು ಸುತ್ತಿ ಬಳಸಿ ಮಾತಾಡುವವರಲ್ಲ. “ಸಕ್ಕರೆ ವರ್ಷಗಟ್ಟಲೆ ಹೆಚ್ಚಾಗಿದ್ರೆ ರಕ್ತನಾಳ ಒಳಗಿಂದ ಕೆಡುತ್ತೆ, ನರ ಮಂಕಾಗುತ್ತೆ. ಮನಸ್ಸು ಕಳಿಸಿದ ಸುದ್ದಿ ಕೆಳಗೆ ಮುಟ್ಟಲ್ಲ. ಮುಟ್ಟಿದ್ರೂ ರಕ್ತ ಸಾಕಷ್ಟು ಹರಿದು ಬರಲ್ಲ. ಅದಕ್ಕೇ ನಿಮಿರಲ್ಲ. ಇದೇ ಸಕ್ಕರೆಯಿಂದ ಕಣ್ಣು ಮಂಜಾಗಿದ್ರೆ ನಾಚ್ಕೊಳ್ತಿದ್ರಾ? ಇದೂ ಹಾಗೇ ಒಂದು ಅಂಗ. ಎಷ್ಟೋ ಜನಕ್ಕೆ ಸಕ್ಕರೆ ಇರೋದು ಮೊದಲು ಗೊತ್ತಾಗೋದೇ ಇದರಿಂದ.” ಮಾತ್ರೆ ಬರೆದುಕೊಟ್ಟರು. ಲೇಹ್ಯ ನಿಲ್ಲಿಸಿ, ಬೀಡಿ ಬಿಡಿ, ದಿನಾ ನಡೆಯಿರಿ ಎಂದರು. “ಪೂರ್ತಿ ವಾಪಸ್ ಬರುತ್ತೆ ಅಂತ ಭಾಷೆ ಕೊಡಲ್ಲ. ಕೆಲವರಿಗೆ ಬರುತ್ತೆ, ಕೆಲವರಿಗೆ ಅರ್ಧ ಬರುತ್ತೆ. ಸಕ್ಕರೆ ಹಿಡಿತಕ್ಕೆ ಬರ್ದಿದ್ರೆ ಮಾತ್ರ ಇದ್ದದ್ದೂ ಹೋಗುತ್ತೆ. ಹೆಂಡ್ತಿಗೆ ಹೇಳಿ. ಅರ್ಧ ಔಷಧಿ ಅಲ್ಲೇ ಇದೆ.”

ಉಗ್ರಪ್ಪ ಮಿಕ್ಕದ್ದನ್ನೆಲ್ಲ ಒಪ್ಪಿದರು. ಕಡೆಯದೊಂದನ್ನು ಬಿಟ್ಟು.

ವಾರ ವಾರಕ್ಕೂ ಬಣ್ಣ ಇಳಿಯಿತು. ಹೆಂಚು ಕಾವಿಯಾಯಿತು, ಕಾವಿ ಅರಿಶಿನವಾಯಿತು, ಬೆರಳಿನ ಗಾಯವೂ ಒಣಗಿತು. ಮನೆಯಲ್ಲಿ ಮಾತ್ರ ಬೆಂಕಿ ಹತ್ತಿತು. ಬಟ್ಟೆ ಒಗೆಯುವಾಗ ಯಶೋದಮ್ಮನಿಗೆ ಗಂಡನ ಅಂಗಿಯ ಜೇಬಿನಲ್ಲಿ ಒಂದು ಚೀಟಿ ಸಿಕ್ಕಿತು. ಪಂಡಿತನೇ ಹಿಂದೆ ಕೊಟ್ಟಿದ್ದ ಚೀಟಿ: ಲಾಡ್ಜಿನ ಹೆಸರು, ರೂಮಿನ ನಂಬರು, ‘ಶುಕ್ರವಾರ ಸಂಜೆ’. ವರ್ಷದಿಂದ ಮುಟ್ಟದ ಗಂಡ, ಜೇಬಿನಲ್ಲಿ ಲಾಡ್ಜಿನ ರೂಮು. ಇನ್ನೇನು ಬೇಕು? ಯಶೋದಮ್ಮ ಅಟ್ಟದ ಮೇಲಿಂದ ಟ್ರಂಕು ಇಳಿಸಿದರು.

ಕಳೆದ ಶನಿವಾರ ಉಗ್ರಪ್ಪ ಇದೇ ಸ್ಟೂಲಿನ ಮೇಲೆ ಕೂತು ಇದನ್ನೆಲ್ಲ ಹೇಳಿದಾಗ ಏಕಾಂತಯ್ಯನವರಿಗೆ ನಗು ಬಂತು, ಆಮೇಲೆ ಸಿಟ್ಟು ಬಂತು. “ಹೇಳ್ಬಿಡಿ ಮಹರಾಯ್ರೇ! ಒಂದು ಮಾತಲ್ಲಿ ಮುಗಿಯೋದು.”

“ಆಗಲ್ಲ ಐನೋರೇ. ಇನ್ನೊಬ್ಳಿದಾಳೆ ಅನ್ಕೊಂಡ್ರೆ ಅನ್ಕೊಳ್ಳಿ. ಗಂಡಸು ಅನ್ನೋ ಮರ್ಯಾದೆನಾದ್ರೂ ಉಳಿಯುತ್ತೆ.”

ಆಗ ಏಕಾಂತಯ್ಯ, ಹೆಂಡತಿ ಮತ್ತು ಡಾಕ್ಟರ್ ಕೃಷ್ಣಯ್ಯನವರನ್ನು ಬಿಟ್ಟರೆ ಯಾರಿಗೂ ಹೇಳಿರದ ತಮ್ಮ ಕತೆಯನ್ನು ಉಗ್ರಪ್ಪನವರಿಗೆ ಹೇಳಿದರು.

ಮೂವತ್ತೇಳನೆಯ ವಯಸ್ಸಿಗೆ ಅವರಿಗೂ ಹೀಗೇ ಆಗಿತ್ತು. ಹೆಂಡತಿ ಲಿಂಗಮ್ಮನಿಗೆ ಮುಖ ತೋರಿಸಲಾರದೆ ಒಂದು ಉಪಾಯ ಹೂಡಿದರು. ಆ ವರ್ಷದ ಶಿವರಾತ್ರಿಯ ದಿನ, ಇನ್ನು ಮುಂದೆ ತಮ್ಮದು ಬ್ರಹ್ಮಚರ್ಯದ ವ್ರತವೆಂದು ಸಾರಿ, ಚಾಪೆಯನ್ನು ಪಡಸಾಲೆಯ ದೇವರ ಗೂಡಿನ ಕೆಳಗೆ ಹಾಸಿಕೊಂಡರು. ಸುದ್ದಿ ಬೀದಿಗೆಲ್ಲ ಹರಡಿತು. ಮೂಲೆಯಂಗಡಿಯ ಶಿವಬಸಪ್ಪ ಬಾಳೆಹಣ್ಣು ತಂದು ಕಾಲಿಗೆ ಬಿದ್ದ. ಹೊಸದಾಗಿ ಮದುವೆಯಾದವರು ಬಂದು ಆಶೀರ್ವಾದ ಬೇಡಿದರು. “ಮನೆ ಒಳಗೆ ಕಳ್ಳ, ಮನೆ ಹೊರಗೆ ಶರಣ,” ಎನ್ನುತ್ತಾರೆ ಏಕಾಂತಯ್ಯ. “ಆರು ವರ್ಷ ಆ ಬಾಳೆಹಣ್ಣು ತಿಂದೆ. ಅದೂ ಸಕ್ಕರೆನೇ!”

ಎಪ್ಪತ್ತನಾಲ್ಕರಲ್ಲಿ ಸತ್ಯ ಹೊರಬಿತ್ತು. ಲ್ಯಾಬಿನಲ್ಲಿ ಒಂದು ಪದ್ಧತಿ: ಮೈಲುತುತ್ತ ಕರಗಿಸಿ ಹೊಸದಾಗಿ ದ್ರಾವಣ ಕಾಸಿದಾಗ, ಅದು ಸರಿಯಿದೆಯೇ ಎಂದು ನೋಡಲು ಆರೋಗ್ಯವಂತರೊಬ್ಬರ ಮೂತ್ರ ಹಾಕಿ ಕುದಿಸುವುದು. ನೀಲಿ ಉಳಿದರೆ ದ್ರಾವಣ ಸರಿ. ಅಲ್ಲಿಯವರೆಗೆ ಆ ಆರೋಗ್ಯವಂತ ಕಾಂಪೌಂಡರ್ ಬಸವಲಿಂಗಪ್ಪ. ಅವರು ನಿವೃತ್ತರಾದ ಮೇಲೆ ಮೊದಲ ಸಲ ಏಕಾಂತಯ್ಯ ತಮ್ಮದನ್ನೇ ಹಾಕಿದರು. ಹೆಂಚು! ದ್ರಾವಣ ಕೆಟ್ಟಿದೆಯೆಂದು ಮೋರಿಗೆ ಸುರಿದು ಮತ್ತೆ ಕಾಸಿದರು. ಮತ್ತೆ ಹೆಂಚು. ಮೂರನೆಯ ಪಾತ್ರೆಯನ್ನೂ ಸುರಿದಾಗ ಡಾಕ್ಟರು ಎದ್ದು ಬಂದರು.

“ಏನ್ರೀ ಏಕಾಂತಯ್ಯ, ಮೋರಿಗೆ ನೀಲಿ ಬಳೀತಿದೀರಾ? ಯಾರದ್ರೀ ಇದು ಸ್ಯಾಂಪಲ್ಲು?”

“ನಂದೇ ಸಾರ್.”

ಸಾವಿರಾರು ಜನರ ಸಕ್ಕರೆ ಹಿಡಿದ ಕೈಗೆ ತನ್ನ ಸಕ್ಕರೆ ಆರು ವರ್ಷ ಸಿಕ್ಕಿರಲಿಲ್ಲ. ದೀಪದ ಬುಡದಲ್ಲೇ ಕತ್ತಲು.

ಅಂದು ಸಂಜೆ ಲಿಂಗಮ್ಮನಿಗೆ ಎಲ್ಲ ಹೇಳಿದರು. ಲಿಂಗಮ್ಮ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿ ಅಂದ ಮಾತು ಇಂದಿಗೂ ಅವರಿಗೆ ಬಾಯಿಪಾಠ: “ವ್ರತ ಅಂದ್ರಿ. ಇನ್ನೊಬ್ಬಳಾಗಿದ್ರೆ ಜುಟ್ಟು ಹಿಡಿದು ಜಗಳ ಆಡ್ತಿದ್ದೆ. ದೇವ್ರ ಜೊತೆ ಹೇಗ್ ಆಡ್ಲಿ?”

ಮಾತ್ರೆ, ಪಥ್ಯ, ನಡಿಗೆ. ಎಲ್ಲ ಮರಳಿತೇ ಎಂದು ಕಳೆದ ಶನಿವಾರ ಉಗ್ರಪ್ಪ ಆಸೆಯಿಂದ ಕೇಳಿದರು. ಏಕಾಂತಯ್ಯ ಸುಳ್ಳು ಹೇಳಲಿಲ್ಲ. “ಎಲ್ಲಾ ಬರ್ಲಿಲ್ಲ. ಸ್ವಲ್ಪ ಬಂತು. ಆದ್ರೆ ಚಾಪೆ ಒಳಗೆ ಬಂತು ನೋಡಿ ಉಗ್ರಪ್ನೋರೇ. ಕತ್ತಲಲ್ಲಿ ಇಬ್ರೂ ಮಾತಾಡ್ಕೊಂಡು ಮಲಗ್ತೀವಿ. ಆರು ವರ್ಷ ನಾನು ಕಳ್ಕೊಂಡಿದ್ದು ಗಂಡಸ್ತನ ಅಲ್ಲ, ಆ ಮಾತು.”

ಉಗ್ರಪ್ಪ ಸೈಕಲ್ಲು ಹತ್ತಿ ಹೋದರು. ಅದಾಗಿ ವಾರ ತುಂಬಿತು.

ಈಗ ಗಂಟೆ ಎಂಟು. ಜಗಲಿ ಖಾಲಿಯಾಗಿದೆ. ಮೂವತ್ತೊಂದು ಕೊಳವೆ ತೊಳೆದು ಬೋರಲು ಹಾಕಿಯಾಗಿದೆ. ಲಿಂಗಮ್ಮ ಕಟ್ಟಿಕೊಟ್ಟ ರಾಗಿರೊಟ್ಟಿಯ ಡಬ್ಬಿ ಬಿಚ್ಚದೆ ಕೂತಿದೆ. ಮಾಮೂಲಿನಂತೆ ಏಳೂವರೆಗೆ ಆರಿಸಬೇಕಾದ ದೀಪವನ್ನು ಏಕಾಂತಯ್ಯ ಇನ್ನೂ ಆರಿಸಿಲ್ಲ. “ಸ್ಪಿರಿಟ್ಟು ಸುಮ್ನೆ ಉರೀತಿದೆ,” ಎಂದು ಡಾಕ್ಟರು ಒಳಗಿನಿಂದ ಕೂಗುತ್ತಾರೆ. “ಒಬ್ರು ಬರೋರಿದಾರೆ ಸಾರ್,” ಎಂದು ಇವರು. ಬರುವ ವರ್ಷ ಮೂತ್ರದಲ್ಲಿ ಅದ್ದಿದರೆ ತಾನೇ ಬಣ್ಣ ಹೇಳುವ ಕಾಗದದ ಪಟ್ಟಿಗಳನ್ನು ತರಿಸುತ್ತೇವೆಂದು ಡಾಕ್ಟರು ಅಂದಿದ್ದಾರೆ. ಆಮೇಲೆ ಈ ದೀಪಕ್ಕೂ ಕೆಲಸವಿಲ್ಲ. ಎರಡು ನಿಮಿಷ ಕುದಿಯುವಷ್ಟು ಹೊತ್ತು ಕಿಟಕಿಯಲ್ಲಿ ನಿಂತು ಮಾತಾಡುವುದಕ್ಕೂ ಯಾರಿಗೂ ನೆಪವಿರುವುದಿಲ್ಲ.

ಬೀದಿಯ ಕೊನೆಯಲ್ಲಿ ಸೈಕಲ್ಲು ಕಾಣುತ್ತದೆ. ಉಗ್ರಪ್ಪ ಅದನ್ನು ತುಳಿಯುತ್ತಿಲ್ಲ, ತಳ್ಳಿಕೊಂಡು ಬರುತ್ತಿದ್ದಾರೆ. ಪಕ್ಕದಲ್ಲಿ ಸೆರಗು ಹೊದ್ದ ಹೆಂಗಸೊಬ್ಬರು. ಬೇವಿನ ಮರದ ಕೆಳಗೆ ಉಗ್ರಪ್ಪ ನಿಂತುಬಿಡುತ್ತಾರೆ. ಹೆಂಗಸು ನಿಲ್ಲುವುದಿಲ್ಲ. ನೇರ ಬಂದು, ಜಗಲಿಯ ಕಲ್ಲನ್ನೂ ದಾಟಿ, ಒಳಗೆ ಮೇಜಿನ ಮೇಲೆಯೇ ಸೀಸೆ ಇಡುತ್ತಾರೆ. ಅದಕ್ಕೆ ಪೇಪರಿನ ಅಂಗಿಯಿಲ್ಲ. ಗಾಜು ಫಳಫಳ ಹೊಳೆಯುತ್ತಿದೆ.

“ನೀವೇನಾ ಐನೋರು? ನಾನು ಯಶೋದಮ್ಮ. ಸೀಸೆ ನಾನೇ ತೊಳ್ದಿದೀನಿ. ಮೂರು ಸಲ, ಬಿಸಿನೀರಲ್ಲಿ. ಇನ್ನು ಜೇನುತುಪ್ಪ ಗೀನುತುಪ್ಪ ಅಂತ ನೆವ ಹೇಳೋ ಹಾಗಿಲ್ಲ.”

ಏಕಾಂತಯ್ಯ ಕಿಟಕಿಯಾಚೆ ನೋಡುತ್ತಾರೆ. ಉಗ್ರಪ್ಪ ಸೈಕಲ್ಲಿನ ಚೈನು ಸರಿಮಾಡುವ ನಟನೆಯಲ್ಲಿ ತಲೆ ಎತ್ತುತ್ತಿಲ್ಲ.

“ರಾತ್ರಿ ಹೇಳಿದ್ರು. ನಾನು ಟ್ರಂಕಿಗೆ ಬೀಗ ಹಾಕ್ತಿದ್ದೆ. ಆ ಟ್ರಂಕಿನ ಮೇಲೇ ಕೂತ್ಕೊಂಡು ಹೇಳಿದ್ರು.” ಯಶೋದಮ್ಮ ಕಿಟಕಿಯತ್ತ ತಿರುಗಿ ಬೈಗುಳಕ್ಕಿಳಿಯುತ್ತಾರೆ. “ಇಷ್ಟಕ್ಕೆ ಒಂದು ವರ್ಷ ನನ್ನ ಹೊಟ್ಟೆ ಉರಿಸಿದ್ರಲ್ಲ, ಏನನ್ನಬೇಕು ಈ ಗಂಡಸು ಜಾತಿಗೆ! ನಾನೆಲ್ಲೋ ಅವಳ್ಯಾರೋ ರಂಭೆ ಅಂತ... ನೋಡಿದ್ರೆ ಪಂಡಿತ, ಇಷ್ಟುದ್ದ ಗಡ್ಡ ಅಂತೆ ಅವನಿಗೆ!”

ನಗಬಾರದೆಂದು ತುಟಿ ಬಿಗಿಹಿಡಿದು ಏಕಾಂತಯ್ಯ ಕೊಳವೆ ಎತ್ತಿಕೊಳ್ಳುತ್ತಾರೆ. ಎಂಟು ಹನಿ. ದೀಪ. ಎರಡು ನಿಮಿಷ. ಯಶೋದಮ್ಮ ಸ್ಟೂಲಿನಲ್ಲಿ ಕೂರದೆ, ಮೇಜಿಗೆ ಒರಗಿ, ಹಾಲು ಉಕ್ಕುವುದನ್ನು ಕಾಯುವವರಂತೆ ಕೊಳವೆಯನ್ನೇ ನೋಡುತ್ತಾರೆ. ನೀಲಿ ಕದಡುತ್ತದೆ, ಮಂಜಾಗುತ್ತದೆ, ನಿಧಾನವಾಗಿ ಹಸಿರಿಗೆ ತಿರುಗಿ ಅಲ್ಲೇ ನಿಲ್ಲುತ್ತದೆ.

“ಇದು ಒಳ್ಳೇದಾ ಕೆಟ್ಟದ್ದಾ?”

“ಗರಿಕೆ, ತಾಯಿ. ಆಕಾಶ ಇನ್ನೂ ದೂರ ಇದೆ. ಆದ್ರೆ ಸಂಕ್ರಾಂತೀಲಿ ಹೆಂಚಾಗಿತ್ತು.”

“ಅದು...” ಎಂದು ಯಶೋದಮ್ಮ ದನಿ ತಗ್ಗಿಸುತ್ತಾರೆ. “ಅದು ಸರಿಹೋಗುತ್ತಾ?”

“ಹೋಗ್ಬೋದು, ಹೋಗದೇನೂ ಇರ್ಬೋದು. ಡಾಕ್ಟ್ರು ಒಳಗಿದಾರೆ, ಇಬ್ರೂ ಕೂತು ಕೇಳಿ.”

ಯಶೋದಮ್ಮ ಕಿಟಕಿಯ ಸರಳಿಗೆ ಮುಖ ತಂದು ಬೀದಿಗೆ ಕೇಳುವಂತೆ ಕೂಗುತ್ತಾರೆ: “ರೀ, ಆ ಸೈಕಲ್ ಚೈನು ಸಾಕು. ಒಳಗೆ ಬನ್ನಿ. ಗರಿಕೆ ಬಂದಿದೆ ಅಂತೆ. ನಾಳೆ ಮುನಿರಾಜು ಬಂದ್ರೆ ಮುದ್ದೆ ಉಂಡ್ಕೊಂಡು ಹೋಗ್ಲಿ, ಟ್ರಂಕು ಹೊರೋದೇನಿಲ್ಲ.”

ಉಗ್ರಪ್ಪ ಒಳಗೆ ಬರುತ್ತಾರೆ. ಡಾಕ್ಟರು ಇನ್ನೊಬ್ಬರನ್ನು ನೋಡುತ್ತಿದ್ದಾರೆ, ಕಾಯಬೇಕು. ಲ್ಯಾಬಿನಲ್ಲಿರುವುದು ಒಂದೇ ಸ್ಟೂಲು. ‘ನೀವು ಕೂತ್ಕೊಳ್ಳಿ’, ‘ನೀನು ಕೂತ್ಕೋ’ ಎಂದು ಇಬ್ಬರೂ ಅದನ್ನು ಒಬ್ಬರ ಕಡೆಗೊಬ್ಬರು ಸರಿಸುತ್ತ ನಿಂತೇ ಇದ್ದಾರೆ.

ಏಕಾಂತಯ್ಯ ದೀಪಕ್ಕೆ ಮುಚ್ಚಳ ಹಾಕಿ, ರೊಟ್ಟಿಯ ಡಬ್ಬಿ ಎತ್ತಿಕೊಂಡು ಜಗಲಿಗೆ ಬರುತ್ತಾರೆ. ಇನ್ನೆರಡು ವರ್ಷಕ್ಕೆ ನಿವೃತ್ತಿ. ಅಷ್ಟರೊಳಗೆ ಏನಾದರೂ ಆಸೆಯಿದೆಯೇ ಎಂದರೆ, ರೊಟ್ಟಿ ಮುರಿಯುತ್ತ ಯೋಚಿಸುತ್ತಾರೆ. ಹೊಸ ಯಂತ್ರ ಬೇಡ, ಸನ್ಮಾನ ಬೇಡ. ಶಿವಬಸಪ್ಪನ ಬಾಳೆಹಣ್ಣಂತೂ ಬೇಡವೇ ಬೇಡ.

“ಹತ್ತೊಂಬತ್ತು ವರ್ಷ ಗಂಡಸ್ರು ಒಬ್ಬೊಬ್ರೇ ಬರ್ತಿದ್ರು, ಸ್ಟೂಲು ಸಾಕಿತ್ತು,” ಎನ್ನುತ್ತಾರೆ, ಒಳಗಿನ ಇಬ್ಬರನ್ನು ಕಣ್ಣಲ್ಲೇ ತೋರಿಸಿ. “ಇನ್ಮೇಲೆ ಒಂದು ಬೆಂಚು ಬೇಕಾಗುತ್ತೆ. ಡಾಕ್ಟ್ರಿಗೆ ಹೇಳ್ಬೇಕು. ದೊಡ್ಡದೇನಲ್ಲ. ಇಬ್ರು ಕೂರೋ ಅಷ್ಟು.”